ಐದು ನಿಮಿಷದ ಸಾಕ್ಷಿ

ಜೂನ್ ೯, ರವಿವಾರ

ಕ್ಷೇತ್ರಕಾರ್ಯದ ಮೊದಲ ದಿನ. ಪುಣೆಯ ಔಂಧದಿಂದ ದಾಪೋಡಿಗೆ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ರೈಲು ಹಳಿಯ ಆಚೆ ತಗಡಿನ ಚಾವಣಿಯ ಒಂದು ಹಾಲ್. ಬಾಗಿಲ ಮೇಲೆ ‘ಪ್ರಾರ್ಥನಾ ಮಂದಿರ’ ಎಂದು ಕನ್ನಡದಲ್ಲಿ ಬರೆದಿದೆ, ಅದರ ಕೆಳಗೆ ಮರಾಠಿಯಲ್ಲಿ.

ಬಂದವರು ಎಪ್ಪತ್ತೊಂದು. ಗಂಡಸರು ಇಪ್ಪತ್ತಾರು, ಹೆಂಗಸರು ನಲವತ್ತೈದು. ಮಕ್ಕಳನ್ನು ಎಣಿಸಿಲ್ಲ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಎಲ್ಲರೂ ಜಮಖಾನದ ಮೇಲೆ. ಹೆಂಗಸರ ತಲೆಯ ಮೇಲೆ ಸೆರಗು; ನಾನೂ ಹೊದ್ದುಕೊಂಡೆ. ಮುಂದೆ ಪ್ಲೈವುಡ್ಡಿನ ವೇದಿಕೆ. ಎತ್ತರ ಆರು ಇಂಚು, ಅಳೆದೆ. ಹೆಂಗಸರು ಅದನ್ನು ಹತ್ತುವಂತಿಲ್ಲ. ಒಳಗೆ ಮೊಬೈಲ್ ಬಂದ್ ಇಡಬೇಕು. ಗೋಡೆಯ ಮೇಲೆ ಗಡಿಯಾರ ಇಲ್ಲ.

ಬಹುತೇಕರು ಶಹಾಪುರ, ಯಾದಗಿರಿ, ಸೇಡಂ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ಉಳಿದವರು. ಪಾಸ್ಟರ್ ಅಂಬಾದಾಸ ನಲವತ್ತರ ಆಸುಪಾಸಿನವರು, ವಾರದ ದಿನಗಳಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾರೆ.

ನಮ್ಮ ಸಂಸ್ಥೆಯ ಯೋಜನೆಯ ಪ್ರಶ್ನೆ ಇಷ್ಟು: ಹೆಂಗಸರು ಬೋಧಿಸಬಾರದೆಂಬ ನಿಯಮವಿರುವ ಸಭೆಗಳಲ್ಲಿ ಹೆಂಗಸರ ಕೈಯಲ್ಲಿ ಏನಿದೆ? ಮರಾಠಿ ಸಭೆಗಳನ್ನು ಸಪ್ನಾ ಮೇಡಂ ನೋಡುತ್ತಾರೆ, ಯೋಜನೆಯ ಮುಖ್ಯಸ್ಥೆಯೂ ಅವರೇ. ಕನ್ನಡ ಬರುವವಳು ನಾನೊಬ್ಬಳೇ. ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಇದ್ದೆ ಎಂದು ಹೇಳಿದ್ದಕ್ಕೆ ಕೆಲಸ ಕೊಟ್ಟರು.

ಸಮಯ ಬರೆದುಕೊಳ್ಳಲು ಗಂಡ ಶಿವರಾಜನ ಕೈಗಡಿಯಾರ ಕಟ್ಟಿಕೊಂಡು ಹೋಗಿದ್ದೆ. ಬೆಲ್ಟು ಸಡಿಲ, ಮೊಣಕೈವರೆಗೆ ಜಾರುತ್ತದೆ. ಶಿವರಾಜ ಹೋಗಿ ಇಂದಿಗೆ ಏಳು ತಿಂಗಳು ಮೂರು ದಿನ.

ಹಾಲಿನವನು ಕೆಳಗೆ ಗೇಟಿನ ಚೀಲದಲ್ಲಿ ಇನ್ನೂ ಎರಡು ಪಾಕೀಟು ಹಾಕಿ ಹೋಗುತ್ತಿದ್ದಾನೆ. ಒಂದು ಸಾಕೆಂದು ಹೇಳಬೇಕು.

ಎಂಟು ಗಂಟೆ ಆಯಿತೆಂದು ಉಂಡೆ.

ಜೂನ್ ೧೨, ಬುಧವಾರ

ಬೋರಮ್ಮನವರ ಸಂದರ್ಶನ. ವಯಸ್ಸು ಐವತ್ತೆಂಟು ‘ಇರಬೇಕು’. ಪುಣೆಗೆ ಬಂದು ಮೂವತ್ತು ವರ್ಷ. ಬಾಣೇರ, ವಾಕಡ ಕಡೆಯ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವರು. ಈಗ ಮೊಣಕಾಲು ಹಿಡಿಯುವುದರಿಂದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೆಟ್ಟಿಲು ತೊಳೆಯುತ್ತಾರೆ. ಓದು ಬಾರದು. ಸಭೆ ಶುರುವಾದ ದಿನದಿಂದಲೂ ಇದ್ದಾರೆ, ಇಪ್ಪತ್ತೆರಡು ವರ್ಷ.

ಪ್ರಶ್ನಾವಳಿಯ ಏಳನೆಯ ಪ್ರಶ್ನೆ: ಸಭೆಯಲ್ಲಿ ನಿರ್ಧಾರ ಯಾರು ತೆಗೆದುಕೊಳ್ಳುತ್ತಾರೆ? ಪಾಸ್ಟರ್ ಎಂದರು. ಪಾಸ್ಟರಿಗೆ ಯಾರು ಹೇಳುತ್ತಾರೆ ಎಂದು ಕೇಳಿದೆ. ದೇವರು ಎಂದರು. ದೇವರು ಯಾರ ಮೂಲಕ ಹೇಳುತ್ತಾನೆ ಎಂದು ಕೇಳಿದ್ದಕ್ಕೆ ಅವರೇ ನನ್ನನ್ನು ಕೇಳಿದರು.

“ಬಾಯಾರ, ನೀವು ಪೊಲೀಸರ ಪೈಕಿ ಏನ್ರಿ?”

ಪಕ್ಕದಲ್ಲಿದ್ದ ಸಾಬವ್ವ ನಕ್ಕಳು. ಸಾಬವ್ವ ಮೂವತ್ತೈದರವಳು, ಹಾಡು ಎತ್ತಿಕೊಡುವವಳು, ಬೋರಮ್ಮನವರ ಬಲಗೈ. ನನ್ನ ಹೆಸರು ತ್ರಿವೇಣಿ, ಪೊಲೀಸಿನವಳಲ್ಲ ಎಂದು ಹೇಳಿದೆ. ಸಮ್ಮತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಮಧ್ಯಾಹ್ನ ಹೆಂಗಸರ ಉಪವಾಸ ಪ್ರಾರ್ಥನೆ, ಬಂದವರು ಹತ್ತೊಂಬತ್ತು. ಹನ್ನೆರಡರಿಂದ ಮೂರು. ಗಂಡಸರು ಇರುವುದಿಲ್ಲ. ಪ್ರಾರ್ಥನೆಗಿಂತ ಮೊದಲು ಬೋರಮ್ಮನವರು ವೇದಿಕೆಯನ್ನು ಗುಡಿಸಿದರು. ಕೆಳಗೆ ನಿಂತು, ಬಗ್ಗಿ, ಉದ್ದ ಕಸಬರಿಗೆಯಿಂದ. ಹಾಲ್‌ನಲ್ಲಿ ಗಂಡಸರು ಯಾರೂ ಇಲ್ಲದಿದ್ದರೂ ಹತ್ತಲಿಲ್ಲ. ಆ ಪ್ಲೈವುಡ್ ಹಲಗೆಗಳನ್ನು ಒಂದು ಕಟ್ಟಡದ ಸೈಟಿನಿಂದ ತಲೆಯ ಮೇಲೆ ಹೊತ್ತು ತಂದವರು ಅವರೇ ಎಂದು ಸಾಬವ್ವ ಹೇಳಿದಳು.

ಜೂನ್ ೧೬, ರವಿವಾರ

ಇಂದು ಗೊತ್ತಾದದ್ದು. ಹಾಡುಗಳಾದ ಮೇಲೆ ಪಾಸ್ಟರ್ ‘ಸಾಕ್ಷಿ ಸಮಯ’ ಎನ್ನುತ್ತಾರೆ. ತನ್ನ ಬದುಕಿನಲ್ಲಿ ದೇವರು ಏನು ಮಾಡಿದ ಎಂಬುದನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಹೆಂಗಸರಿಗೂ ಅಡ್ಡಿಯಿಲ್ಲ, ಏಕೆಂದರೆ ಸಾಕ್ಷಿ ಬೋಧನೆಯಲ್ಲ. ಒಬ್ಬ ಮುದುಕರು ಮೂರು ನಿಮಿಷ ಹೇಳಿದರು. ಆಮೇಲೆ ಬೋರಮ್ಮನವರು ಕಂಬಕ್ಕೆ ಒರಗಿ ನಿಂತರು, ನೆಲದ ಮೇಲೆ, ವೇದಿಕೆಗೆ ಬೆನ್ನು ಮಾಡದೆ.

“ನಾ ಕಲಸಾಕ ನಿಂತಿಲ್ಲ. ನನಗ ಆದದ್ದ ಹೇಳಾಕ ನಿಂತೀನಿ.”

ಅಷ್ಟು ಹೇಳಿ ನಲವತ್ತೊಂದು ನಿಮಿಷ ಮಾತಾಡಿದರು. ಯಾರೂ ಅಲುಗಾಡಲಿಲ್ಲ. ನಂತರ ಪಾಸ್ಟರ್ ವೇದಿಕೆ ಹತ್ತಿ ಒಂಬತ್ತು ನಿಮಿಷ ಬೋಧಿಸಿದರು. ಅವರು ಹೇಳಿದ್ದೂ ಬೋರಮ್ಮ ಹೇಳಿದ್ದೇ, ಚಿಕ್ಕದಾಗಿ. ದಫ್ತರದಲ್ಲಿ ‘ಸಾಕ್ಷಿ: ಬೋರಮ್ಮ. ಬೋಧನೆ: ಪಾಸ್ಟರ್’ ಎಂದು ಬರೆದರು.

ಬೋರಮ್ಮ ಹೇಳಿದ್ದರ ಸಾರ: ಅವರ ತಂಗಿ ಕಲ್ಲವ್ವ ಮತ್ತು ಅವರು ಒಂದೇ ಸೈಟಿನಲ್ಲಿದ್ದರು. ಬೋರಮ್ಮ ನೀರು ತರಲು ಹೋದಾಗ ಗೋಡೆ ಬಿತ್ತು. ಕಲ್ಲವ್ವ ಅಡಿಯಲ್ಲಿದ್ದಳು. ನಿನ್ನನ್ನು ದೇವರು ಉಳಿಸಿದ ಎಂದು ಎಲ್ಲರೂ ಹೇಳಿದರು.

“ನನ್ನ ಉಳಿಸಿದ, ಖರೇ. ಆಕಿನ್ನ ಯಾಕ ಬಿಟ್ಟ? ಇಪ್ಪತ್ತೆರಡು ವರ್ಷದಿಂದ ಕೇಳಾಕತ್ತೀನಿ. ಉತ್ತರ ಕೊಟ್ಟಿಲ್ಲ. ಕೊಡೂತನಾ ನಾ ಅವನ ಮನಿ ಬಾಗಲಾ ಬಿಟ್ಟು ಏಳಾಂಗಿಲ್ಲ.”

ಅಕ್ಷರಶಃ ಬರೆದುಕೊಂಡಿದ್ದೇನೆ. ಧ್ವನಿಮುದ್ರಣವೂ ಇದೆ, ರೆಕಾರ್ಡರಿಗೆ ಪಾಸ್ಟರ್ ಒಪ್ಪಿದ್ದಾರೆ. ಮನೆಗೆ ಬಂದು ಆ ಭಾಗವನ್ನು ಟೈಪ್ ಮಾಡಿದೆ. ಸಾಲುಗಳಿಗೆ ಸಂಖ್ಯೆ ಹಾಕಿದೆ.

ಜೂನ್ ೧೯, ಬುಧವಾರ

ಹತ್ತೊಂಬತ್ತು ಜನ. ವಿಶೇಷವಿಲ್ಲ. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಗಳು ಐದಾಗಿವೆ. ಎರಡನ್ನು ಸುರಿದೆ.

ಜೂನ್ ೩೦, ರವಿವಾರ

ಪಂಢರಪುರಕ್ಕೆ ಹೊರಟ ಪಾಲಖಿ ಪುಣೆಗೆ ಬರುವ ದಿನ. ರಸ್ತೆ ಬಂದ್, ಬಸ್ಸಿಲ್ಲ. ವಾರಕರಿಗಳ ಸಾಲಿಗೆ ಎದುರಾಗಿ ನಡೆದುಕೊಂಡು ಹೋದೆ. ಹೆಂಗಸರು ತುಳಸಿ ಹೊತ್ತು ಬರುತ್ತಿದ್ದರು. ಒಬ್ಬಾಕೆ ನನ್ನನ್ನು ನಿಲ್ಲಿಸಿ, ಮಾವುಲಿ, ನೀನು ತಪ್ಪು ದಿಕ್ಕಿಗೆ ಹೊರಟಿದ್ದೀ ಎಂದು ಮರಾಠಿಯಲ್ಲಿ ಹೇಳಿದಳು. ಕೆಲಸವಿದೆ ಎಂದೆ.

ಬೋರಮ್ಮ ಮೂವತ್ತಾರು ನಿಮಿಷ. ಪಾಸ್ಟರ್ ಆರು.

ಜುಲೈ ೧೦, ಬುಧವಾರ

ನಿರ್ಧಾರ ಹೇಗಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಆರತಿ ಎಂಬ ಹುಡುಗಿ, ಇಪ್ಪತ್ಮೂರು ವರ್ಷ, ತುಟಿ ಒಡೆದುಕೊಂಡು ಬಂದಿದ್ದಳು. ಗಂಡ ಭೀಮು ಹೊಡೆದಿದ್ದ. ಹೆಂಗಸರೆಲ್ಲ ಸುತ್ತ ಕುಳಿತರು. ಅರ್ಧ ಗಂಟೆ ಪ್ರಾರ್ಥನೆ, ಒಂದು ಗಂಟೆ ಚರ್ಚೆ. ಭೀಮು ಸಭೆಯ ಮುಂದೆ ತಪ್ಪೊಪ್ಪುವ ತನಕ ಅವನಿಗೆ ಕರ್ತನ ಭೋಜನದ ರೊಟ್ಟಿ, ರಸ ಕೊಡಬಾರದು ಎಂದು ಬೋರಮ್ಮ ತೀರ್ಮಾನ ಹೇಳಿದರು. ಪಾಸ್ಟರಿಗೆ ಹೇಳುವುದು ಸಾಬವ್ವನ ಪಾಲಿಗೆ ಬಂತು. ಆರತಿ ಅಲ್ಲಿಯತನಕ ಬೋರಮ್ಮನ ಮನೆಯಲ್ಲಿರುತ್ತಾಳೆ.

ಉಪವಾಸ ಬಿಡುವಾಗ ಕುಡಿಯಲು ಅವರ ಹತ್ತಿರ ಬರೀ ಸಕ್ಕರೆ ನೀರಿತ್ತು. ಮುಂದಿನ ವಾರ ಮನೆಯ ಮೊಸರು ಒಯ್ಯಬಹುದು, ಹೇಗೂ ಹಾಳಾಗುತ್ತದೆ.

ಜುಲೈ ೧೪, ರವಿವಾರ

ಪಾಸ್ಟರ್ ವೇದಿಕೆಯಿಂದ ಭೀಮುವಿನ ತೀರ್ಪು ಘೋಷಿಸಿದರು. ಬುಧವಾರ ಬೋರಮ್ಮ ಆಡಿದ ಮಾತುಗಳೇ, ಅದೇ ಕ್ರಮದಲ್ಲಿ. ಭೀಮು ತಲೆ ತಗ್ಗಿಸಿ ಕುಳಿತಿದ್ದ. ಬೋರಮ್ಮ ಕಣ್ಣು ಮುಚ್ಚಿ, ಮೊದಲ ಬಾರಿ ಕೇಳುವವರಂತೆ ‘ಆಮೆನ್’ ಎಂದರು.

ಜುಲೈ ೧೭, ಬುಧವಾರ

ಮೊಸರು ಒಯ್ದೆ. ಸಾಬವ್ವ ಮಜ್ಜಿಗೆ ಮಾಡಿದಳು. ಬ್ರಾಹ್ಮಣರ ಮಜ್ಜಿಗಿ ಇಷ್ಟ ತೆಳ್ಳಗಿರ್ತದ ಏನು ಎಂದು ಯಾರೋ ಅಂದರು. ನಾವು ಲಿಂಗಾಯತರು, ನೀರು ಹಾಕಿದ್ದು ಸಾಬವ್ವ ಎಂದೆ. ನಕ್ಕರು.

ಜುಲೈ ೨೮, ರವಿವಾರ

ಕರಡು ಮುಗಿಯಿತು. ಕನ್ನಡದಲ್ಲಿ ಹದಿನಾಲ್ಕು ಪುಟ. ಆರು ರವಿವಾರಗಳ ಕೋಷ್ಟಕ ಹಾಕಿದ್ದೇನೆ: ಬೋರಮ್ಮ ಸರಾಸರಿ ಮೂವತ್ತೆಂಟು ನಿಮಿಷ, ಪಾಸ್ಟರ್ ಹನ್ನೊಂದು. ಒಂಬತ್ತನೆಯ ಪುಟದಲ್ಲಿ ಒಂದು ವಾಕ್ಯ: ‘ದಫ್ತರದಲ್ಲಿ ಸಾಕ್ಷಿ ಎಂದು ನಮೂದಾಗುವುದು ವಾಸ್ತವದಲ್ಲಿ ಬೋಧನೆಯೇ; ಈ ಸಭೆಯ ಬೋಧಕಿ ಬೋರಮ್ಮ.’

ಡೆಸ್ಕಿನಲ್ಲಿ ಕಲಿತ ಪದ್ಧತಿ: ಸಂಸ್ಥೆಯ ಬಗ್ಗೆ ಬರೆದರೆ ಅಚ್ಚಿಗೆ ಹೋಗುವ ಮೊದಲು ಸಂಬಂಧಪಟ್ಟ ಪದಾಧಿಕಾರಿಯಿಂದ ವಿವರ ಖಚಿತಪಡಿಸಿಕೊಳ್ಳಬೇಕು, ಸಾಧ್ಯವಾದರೆ ಸಹಿ ಪಡೆಯಬೇಕು. ಸಭೆ ಮುಗಿದ ಮೇಲೆ ಪಾಸ್ಟರಿಗೆ ಕೊಟ್ಟೆ. ಅಲ್ಲೇ ಕುಳಿತು ಪೂರ್ತಿ ಓದಿದರು. ತಮ್ಮ ಊರಿನ ಹೆಸರಿನ ಒಂದು ಅಕ್ಷರ ತಿದ್ದಿದರು. ಒಂಬತ್ತನೆಯ ಪುಟವನ್ನು ಎರಡು ಸಲ ಓದಿದರು. ತಾವು ಇಪ್ಪತ್ತನೆಯ ವಯಸ್ಸಿನಲ್ಲಿ ಕುಡಿದು ದಾಪೋಡಿ ಸ್ಟೇಷನ್ನಿನಲ್ಲಿ ಬಿದ್ದಿದ್ದಾಗ ಎಬ್ಬಿಸಿ ಕರೆತಂದವರು ಬೋರಮ್ಮ ಎಂದು ಹೇಳಿದರು. ಇದು ನನಗೆ ಗೊತ್ತಿರಲಿಲ್ಲ, ಸೇರಿಸಿಕೊಂಡೆ.

“ಎಲ್ಲಾ ಖರೇ ಅದ್ರಿ,” ಎಂದರು. “ಸಹಿ ಎಲ್ಲಿ ಮಾಡ್ಲಿ?”

ಪ್ರತಿ ಪುಟಕ್ಕೂ ಮಾಡಿದರು. ಒಂದು ಪ್ರತಿಯನ್ನು ಸಭೆಯ ಕಡತದಲ್ಲಿ ಇಟ್ಟುಕೊಳ್ಳುತ್ತೇನೆಂದರು. ಸಂತೋಷವಾಗಿದ್ದಂತೆ ಕಂಡರು.

ಆಗಸ್ಟ್ ೧೮, ರವಿವಾರ

ಈ ಪಂಗಡದ ಮೇಲ್ವಿಚಾರಕರು ಸೊಲ್ಲಾಪುರದಲ್ಲಿರುತ್ತಾರೆ. ವರ್ಷಕ್ಕೊಮ್ಮೆ ಬಂದು ಕಡತ ನೋಡುವುದು ರೂಢಿ. ಶುಕ್ರವಾರ ಬಂದಿದ್ದರಂತೆ. ಕಡತದಲ್ಲಿ ನನ್ನ ಕರಡಿತ್ತು. ನೋಡಿದರು.

ಇಂದು ಪಾಸ್ಟರ್ ಮೇಲ್ವಿಚಾರಕರ ಪತ್ರವನ್ನು ಓದಿದರು. ಒಂದು, ಸಾಕ್ಷಿ ಹೇಳುವವರು ತಲಾ ಐದು ನಿಮಿಷ ಮೀರಬಾರದು. ಎರಡು, ಹೇಳಿದವರ ಹೆಸರು ಮತ್ತು ನಿಮಿಷವನ್ನು ದಫ್ತರದಲ್ಲಿ ಬರೆದು, ಸಮಯ ನೋಡಿದವರ ಸಹಿಯೊಂದಿಗೆ ತಿಂಗಳ ಕೊನೆಗೆ ಕಳಿಸಬೇಕು. ಮೂರು, ಬುಧವಾರದ ಕೂಟವನ್ನು ಪಾಸ್ಟರೇ ನಡೆಸಬೇಕು. ನಾಲ್ಕು, ಬೋರಮ್ಮ ಮೂರು ತಿಂಗಳು ಸಭೆಯಲ್ಲಿ ಮಾತಾಡಬಾರದು. ಒಂದು ನಿಯಮ ಮೀರಿದರೂ ಹೆಂಗಸರ ಸಾಕ್ಷಿ ಪೂರ್ತಿ ನಿಲ್ಲುತ್ತದೆ, ಬುಧವಾರದ ಕೂಟವೂ.

ಬೋರಮ್ಮ ಕಂಬದ ಪಕ್ಕದಲ್ಲಿ ಕುಳಿತಿದ್ದರು. ಸಾಕ್ಷಿ ಸಮಯದಲ್ಲಿ ಯಾರೂ ಏಳಲಿಲ್ಲ. ಪಾಸ್ಟರ್ ಮೂವತ್ತು ನಿಮಿಷ ಬೋಧಿಸಲು ನೋಡಿದರು. ಹದಿಮೂರಕ್ಕೆ ನಿಂತರು.

ಆಗಸ್ಟ್ ೧೯, ಸೋಮವಾರ

ಕರಡಿನಲ್ಲಿ ತಪ್ಪೇನಿದೆ ಎಂದು ಮತ್ತೆ ಓದಿದೆ. ವಾಸ್ತವಾಂಶದ ತಪ್ಪಿಲ್ಲ.

ಆಗಸ್ಟ್ ೨೧, ಬುಧವಾರ

ಹಾಲ್‌ಗೆ ಹೋಗಲಿಲ್ಲ, ಬೋರಮ್ಮನ ಮನೆಗೆ ಹೋದೆ. ಒಂದೇ ಕೋಣೆ. ಆರತಿ ರೊಟ್ಟಿ ಬಡಿಯುತ್ತಿದ್ದಳು. ಬೋರಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕುಳಿತುಕೊಳ್ಳಿ ಎಂದರು. ಕ್ಷಮೆ ಕೇಳಬೇಕೆಂದು ವಾಕ್ಯ ಮಾಡಿಕೊಂಡು ಹೋಗಿದ್ದೆ, ಹೇಳಿದೆ. ಬೈಯಲಿಲ್ಲ.

“ನಮ್ಮ ಮಂದಿರದಾಗ ಗಡಿಯಾರ ಇದ್ದಿಲ್ರಿ ಬಾಯಾರ. ಇಪ್ಪತ್ತೆರಡು ವರ್ಷ ಯಾರೂ ನೋಡಿದ್ದಿಲ್ಲ. ನೀವು ನೋಡಿದ್ರಿ.”

ಪಾಸ್ಟರ್ ಓದಿ ಸರಿ ಎಂದು ಸಹಿ ಮಾಡಿದ್ದರು ಎಂದೆ.

“ನನ್ನ ಬಗ್ಗೆ ಬರದು ಗಂಡಸಿಗೆ ತೋರಿಸಿದ್ರಿ. ಅವರು ಖರೇ ಅಂದ್ರು, ನೀವು ಒಪ್ಪಿದ್ರಿ. ನನಗೊಮ್ಮಿ ಓದಿ ಹೇಳ್ಬೇಕಂತ ನಿಮಗ ಅನಿಸಲಿಲ್ಲಲ್ಲ?”

ಅನಿಸಿರಲಿಲ್ಲ. ಹಾಗೆಂದು ಹೇಳಿದೆ. ಬೋರಮ್ಮ ತಲೆಯಾಡಿಸಿ, ಆರತಿಗೆ ಎರಡು ರೊಟ್ಟಿ ಹೆಚ್ಚು ಹಾಕೆಂದರು. ನನ್ನದು ಹೆಂಗಸರ ಅಧಿಕಾರದ ಬಗೆಗಿನ ಅಧ್ಯಯನ. ಪ್ರಶ್ನಾವಳಿಯಲ್ಲಿ ಮೂವತ್ತೆರಡು ಪ್ರಶ್ನೆಗಳಿವೆ.

ಎರಡು ರೊಟ್ಟಿ, ಪುಂಡಿಪಲ್ಯೆ ತಿಂದೆ.

ಆಗಸ್ಟ್ ೨೬, ಸೋಮವಾರ

ಸಂಸ್ಥೆಗೆ ಹೋಗಿದ್ದೆ. ನಡೆದದ್ದನ್ನು ಸಪ್ನಾ ಮೇಡಂಗೆ ಹೇಳಿದೆ. ಪಾಪ ಎಂದರು. ಆಮೇಲೆ, ಇದನ್ನೂ ಸೇರಿಸಿ, ಅಧ್ಯಾಯಕ್ಕೆ ಗಟ್ಟಿ ಮುಕ್ತಾಯ ಸಿಕ್ಕಿತು ಎಂದರು. ಅವರ ದೃಷ್ಟಿಯಲ್ಲಿ ಅದು ಸರಿಯೇ. ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಬಹಳ ಮುಂದೆ ಹೋದೆ.

ಆಗಸ್ಟ್ ೨೮, ಬುಧವಾರ

ಇಡೀ ಕರಡನ್ನು ಬೋರಮ್ಮನಿಗೆ ಓದಿ ಹೇಳಿದೆ. ಎರಡು ಗಂಟೆ ಹಿಡಿಯಿತು. ನಡುನಡುವೆ ನಿಲ್ಲಿಸಿ ಏಳು ಕಡೆ ತಿದ್ದಿದರು. ಸಭೆ ಶುರುವಾದದ್ದು ಹಾಲ್‌ನಲ್ಲಲ್ಲ, ಸೈಟಿನ ನೀರಿನ ಟಾಕಿಯ ನೆರಳಲ್ಲಿ. ಮೊದಲು ಬಂದವರು ಗಂಡಸರಲ್ಲ. ಹಲಗೆ ಹೊತ್ತದ್ದು ತಾನೊಬ್ಬಳೇ ಅಲ್ಲ, ನಾಲ್ವರು, ಹೆಸರು ಹೇಳಿದರು. ಇದೆಲ್ಲವನ್ನೂ ಕೇಳದೆಯೇ ನಾನು ‘ವಾಸ್ತವಾಂಶದ ತಪ್ಪಿಲ್ಲ’ ಎಂದು ಬರೆದಿದ್ದೆ.

ಅಧ್ಯಾಯವನ್ನೇ ತೆಗೆದುಹಾಕುತ್ತೇನೆ ಎಂದೆ. ಬರೆದದ್ದು ಸುಳ್ಳಲ್ಲ, ಯಾಕೆ ತೆಗೆಯಬೇಕು ಎಂದು ಕೇಳಿದರು. ಒಂಬತ್ತನೆಯ ಪುಟದ ‘ಬೋಧಕಿ’ ಎಂಬ ಶಬ್ದವನ್ನಾದರೂ ಹೊಡೆದುಹಾಕಲೇ ಎಂದೆ.

“ಶಬ್ದ ಇರಲಿ. ನನ್ನ ಹೆಸರು ತಗೀರಿ.”

ಆಮೇಲೆ ಸೊಲ್ಲಾಪುರದ ಪತ್ರದಲ್ಲಿ ಏನಿತ್ತೆಂದು ಕೇಳಿದರು. ನನ್ನ ಟಿಪ್ಪಣಿಯಿಂದ ಓದಿದೆ. ಮೊದಲನೆಯ ನಿಯಮವನ್ನು ಇನ್ನೊಮ್ಮೆ ಓದಿಸಿದರು.

“ತಲಾ ಐದು ನಿಮಿಷ. ಎಷ್ಟ ತಲಿ ಅಂತ ಬರದಾರೇನು?”

ಇಲ್ಲ ಎಂದೆ. ಬೋರಮ್ಮ ಮೊಣಕಾಲು ನೀವಿಕೊಂಡು, ಆರತಿಗೆ ಹೋಗಿ ಸಾಬವ್ವನನ್ನು ಕರೆದುಕೊಂಡು ಬಾ ಎಂದರು.

ಸೆಪ್ಟೆಂಬರ್ ೪, ಬುಧವಾರ

ಪಾಸ್ಟರ್ ನಡೆಸಿದ ಬುಧವಾರದ ಕೂಟಕ್ಕೆ ಬಂದವರು ಮೂವರು, ಅವರಲ್ಲಿ ಒಬ್ಬರು ಅವರ ಹೆಂಡತಿ. ಅರ್ಧ ಗಂಟೆಗೆ ಮುಗಿಸಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ, ತಮಗೇನೂ ಸಿಟ್ಟಿಲ್ಲ ಎಂದು ನನಗೆ ಹೇಳಿದರು. ಸಹಿ ಮಾಡಿದ್ದು ತಾವೇ ಎಂದರು. ಈಗ ದಫ್ತರಕ್ಕೆ ಸಮಯ ನೋಡುವವರು ಬೇಕು. ಹಿರಿಯ ಧರ್ಮಣ್ಣನವರ ಕೈಗೆ ಬಾರಿಸುವ ಗಂಟೆ ಕೊಟ್ಟಿದ್ದಾರೆ, ಆದರೆ ಅವರಿಗೆ ಕನ್ನಡಕ ಹಾಕಿದರೂ ಗಡಿಯಾರದ ಮುಳ್ಳು ಕಾಣುವುದಿಲ್ಲ.

“ನೀವ ಶುರು ಮಾಡೀರಿ, ನೀವ ನೋಡ್ರಿ,” ಎಂದರು. ಚೇಷ್ಟೆಯೋ ಬೇಸರವೋ ತಿಳಿಯಲಿಲ್ಲ. ಒಪ್ಪಿದೆ.

ಉಳಿದ ಹದಿನಾರು ಹೆಂಗಸರು ಎಲ್ಲಿದ್ದರು ಎಂಬುದು ನನಗೆ ಗೊತ್ತಿತ್ತು. ಪಾಸ್ಟರಿಗೂ ಗೊತ್ತಿರಬೇಕು. ಕೇಳಲಿಲ್ಲ.

ಸೆಪ್ಟೆಂಬರ್ ೧೧, ಬುಧವಾರ

ಬೋರಮ್ಮನ ಕೋಣೆಯಲ್ಲಿ ಜಾಗವಿಲ್ಲ, ಆರು ಜನ ಹೊರಗೆ ಗಟಾರದ ಕಲ್ಲಿನ ಮೇಲೆ ಕುಳಿತಿದ್ದರು. ಬೀದಿಯ ಗಣಪತಿ ಮಂಡಳದ ಸ್ಪೀಕರಿನಿಂದಾಗಿ ಮಾತು ಕೇಳುತ್ತಿರಲಿಲ್ಲ. ಸಾಬವ್ವ ಎದ್ದು ಹೋಗಿ ಸ್ವಲ್ಪ ಸಣ್ಣದು ಮಾಡ್ರೆಂದು ಮರಾಠಿಯಲ್ಲಿ ಕೇಳಿ ಬಂದಳು. ಮಾಡಿದರು, ಮೋದಕವನ್ನೂ ಕಳಿಸಿದರು. ಉಪವಾಸವಿದ್ದವರು ಮಕ್ಕಳಿಗೆ ಕೊಟ್ಟರು.

ಒಬ್ಬೊಬ್ಬರೂ ಎದ್ದು ತಮಗೆ ಆದದ್ದನ್ನು ಹೇಳಬೇಕು. ಬೋರಮ್ಮ ಕೇಳಿ, ಇದು ಬೇಡ, ಅದು ಮೊದಲು ಬರಲಿ, ಅಳಬೇಡ, ಅತ್ತರೆ ನಿಮಿಷ ಹೋಗುತ್ತದೆ ಎಂದು ತಿದ್ದುವುದು. ಏಳು ಜನರನ್ನು ಆರಿಸಿದರು, ಕ್ರಮ ಹಾಕಿದರು. ಆರತಿ ಮೂರನೆಯವಳು. ಸಾಬವ್ವ ಕೊನೆಯವಳು, ಏಳನೆಯವಳು. ಡೆಸ್ಕಿನಲ್ಲಿ ಮುಖಪುಟ ಕಟ್ಟುತ್ತಿದ್ದ ರೀತಿ ನೆನಪಾಯಿತು. ನಾನು ಗಡಿಯಾರ ಹಿಡಿದು, ಐದಾಯಿತು ಎಂದು ಕೈ ಎತ್ತುತ್ತಿದ್ದೆ.

ರೆಕಾರ್ಡರ್ ಒಯ್ದಿರಲಿಲ್ಲ. ಮರೆತಿರಬೇಕು.

ಮೊಸರು ಸಾಲಲಿಲ್ಲ.

ಸೆಪ್ಟೆಂಬರ್ ೧೬, ಸೋಮವಾರ

ಹಾಲಿನವನು ಹಣಕ್ಕೆ ಬಂದಿದ್ದ. ಎರಡೇ ಇರಲಿ, ಮಂಗಳವಾರ ಮಾತ್ರ ಮೂರು ಹಾಕು ಎಂದೆ.

ಸೆಪ್ಟೆಂಬರ್ ೨೨, ರವಿವಾರ

ಮಳೆ. ಬಂದವರು ಅರವತ್ತೆಂಟು. ಸಾಬವ್ವ ಇರಲಿಲ್ಲ. ಕುರಕುಂಭದಲ್ಲಿ ಕಾರ್ಖಾನೆ ಕೆಲಸದಲ್ಲಿರುವ ಅವಳ ತಂಗಿಗೆ ನಿನ್ನೆ ಹೆರಿಗೆ ನೋವು ಬಂದು, ಇವಳು ದೌಂಡ್ ಗಾಡಿ ಹತ್ತಿದ್ದಳು. ಆರತಿ ಬಾಗಿಲಲ್ಲೇ ನನಗೆ ಹೇಳಿದಳು.

ನನ್ನ ಜಾಗ ಹೆಂಗಸರ ಸಾಲಿನ ಮುಂದೆ, ಧರ್ಮಣ್ಣನವರಿಗೆ ಕಾಣುವಂತೆ. ನಾನು ಕೈ ಎತ್ತಿದರೆ ಅವರು ಗಂಟೆ ಹೊಡೆಯಬೇಕು. ಪಾಸ್ಟರ್ ‘ಸಾಕ್ಷಿ ಸಮಯ’ ಎಂದರು. ಮೊದಲನೆಯಾಕೆ ಎದ್ದಳು. ಕಂಬದ ಹತ್ತಿರ ಹೋಗಿ ನಿಂತಳು.

“ನಾ ಕಲಸಾಕ ನಿಂತಿಲ್ಲ. ನನಗ ಆದದ್ದ ಹೇಳಾಕ ನಿಂತೀನಿ.”

ನಾಲ್ಕು ನಿಮಿಷ ಐವತ್ತು ಸೆಕೆಂಡು. ಎರಡನೆಯಾಕೆ ನಾಲ್ಕು ನಲವತ್ತು. ಪ್ರತಿಯೊಬ್ಬಳೂ ಅದೇ ವಾಕ್ಯದಿಂದ ಶುರು ಮಾಡಿದಳು. ಎರಡನೆಯಾಕೆ ಅದನ್ನು ಹೇಳಿದಾಗ ಗಂಡಸರ ಕಡೆ ಒಬ್ಬರನ್ನೊಬ್ಬರು ನೋಡಿಕೊಂಡರು. ನಾಲ್ಕನೆಯಾಕೆಯ ಹೊತ್ತಿಗೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಆರತಿ ಭೀಮುವಿನ ಹೆಸರು ಹೇಳಲಿಲ್ಲ, ತುಟಿ ಮುಟ್ಟಿ ತೋರಿಸಿದಳಷ್ಟೆ. ಸರಿಯಾಗಿ ಐದು. ಗಂಟೆ ಒಮ್ಮೆಯೂ ಹೊಡೆಯಬೇಕಾಗಲಿಲ್ಲ. ಪಾಸ್ಟರ್ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು. ಬೋರಮ್ಮ ಬಾಯಿ ತೆರೆಯಲಿಲ್ಲ. ತುಟಿಗಳು ಮಾತ್ರ ಆಡುತ್ತಿದ್ದವು, ಎಲ್ಲರ ಮಾತಿನ ಜೊತೆಗೆ.

ಆರನೆಯಾಕೆ ಕುಳಿತಳು. ಕಂಬದ ಹತ್ತಿರ ಯಾರೂ ಇರಲಿಲ್ಲ. ಸಾಬವ್ವ ಹೇಳಬೇಕಾಗಿದ್ದದ್ದು ತನ್ನ ಸತ್ತ ಮಗುವಿನ ಸಂಗತಿ, ಉತ್ತರ ಬಾರದ್ದು. ಬೋರಮ್ಮ ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದರು. ಕಲ್ಲವ್ವನ ಮಾತು ಬರುತ್ತಿದ್ದ ಜಾಗ ಅದು. ತಗಡಿನ ಮೇಲೆ ಮಳೆಯ ಸದ್ದು. ಪಾಸ್ಟರ್ ಕತ್ತೆತ್ತಿ, ಇನ್ನು ಯಾರಾದರೂ ಎಂದು ಕೇಳಿದರು.

ಬೋರಮ್ಮ ನನ್ನ ಕಡೆ ನೋಡಿ ಗದ್ದವೆತ್ತಿದರು. ನಾನಲ್ಲ ಎಂದು ಕೈಯಾಡಿಸಿದೆ. ನಾನು ಈ ಸಭೆಯವಳಲ್ಲ, ವಿಶ್ವಾಸಿಯಲ್ಲ, ಸಮಯ ನೋಡುವವಳು. ಅವರು ಮಾತಾಡುವಂತಿರಲಿಲ್ಲ. ಮತ್ತೆ ಗದ್ದವೆತ್ತಿ ಕಂಬ ತೋರಿಸಿದರು. ಪಕ್ಕದಲ್ಲಿದ್ದ ಆರತಿ ನನ್ನ ಕಿವಿಯಲ್ಲಿ ಹೇಳಿದಳು: “ವಿ‌ಶ್ವಾಸ ಯಾರ ಕೇಳ್ಯಾರ್ರೀ ಅಕ್ಕಾರ? ಆದದ್ದು ಹೇಳ್ರಿ, ಸಾಕು.”

ಎದ್ದು ಹೋಗಿ ನಿಂತೆ. ಆ ವಾಕ್ಯ ಹೇಳಿದೆ.

ನವೆಂಬರ್ ಆರರಂದು ಬೆಳಿಗ್ಗೆ ನನ್ನ ಗಂಡ ಶಿವರಾಜ ಹಾಲು ತರಲು ಕೆಳಗಿಳಿದರು, ಏಳು ಇಪ್ಪತ್ತಕ್ಕೆ ಎಂದು ಹೇಳಿದೆ. ನಾನು ಅಡುಗೆ ಮನೆಯಲ್ಲಿದ್ದೆ. ಮೆಟ್ಟಿಲಲ್ಲಿ ಏನೋ ಬಿದ್ದ ಸದ್ದಾಯಿತು. ಪಾಕೀಟು ಒಡೀತೇನು ಎಂದು ಒಳಗಿನಿಂದಲೇ ಕೂಗಿ ಕೇಳಿದೆ. ಉತ್ತರ ಬರಲಿಲ್ಲ. ಸಿಟ್ಟು ಬಂತು, ಒಡೆದಿರಬೇಕು, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆ. ಒಗ್ಗರಣೆ ಮುಗಿಸಿದೆ. ಮುಗಿಸಿ, ಕೈ ತೊಳೆದು, ಒರೆಸುವ ಬಟ್ಟೆ ತೆಗೆದುಕೊಂಡು ಹೊರಗೆ ಹೋದೆ. ಹಾಲು ಒರೆಸಲು. ಕೂಡಲೇ ಜೀವ ಹೋಗಿದೆ, ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಕೂಡಲೇ ಎಂದರೆ ಎಷ್ಟು ನಿಮಿಷ ಎಂದು ನಾನು ಕೇಳಿದೆ. ಅವರು ಹೇಳಲಿಲ್ಲ. ಪಾಕೀಟು ಒಡೆದಿರಲಿಲ್ಲ, ಎರಡೂ.

ಇದನ್ನು ಇಲ್ಲಿಯತನಕ ಎಲ್ಲಿಯೂ ಬರೆದಿಲ್ಲ. ಈ ಪುಸ್ತಕದಲ್ಲಿಯೂ ಇಲ್ಲ, ಹಿಂದಿನ ಪುಟ ತಿರುವಿ ನೋಡಿದೆ.

ಇನ್ನೂ ಏನೇನೋ ಹೇಳಿದೆ. ಕ್ರಮವಾಗಿ ನೆನಪಿಲ್ಲ. ನಡುವೆ ಒಮ್ಮೆ ಧರ್ಮಣ್ಣನವರನ್ನು ನೋಡಿದೆ. ಗಂಟೆ ಹಿಡಿದು ನನ್ನ ಕೈ ಏಳುವುದನ್ನೇ ಕಾಯುತ್ತಿದ್ದರು. ಗಡಿಯಾರ ನನ್ನ ಕೈಯಲ್ಲಿತ್ತು, ಮೊಣಕೈವರೆಗೆ ಜಾರಿತ್ತು. ನೋಡಲಿಲ್ಲ. ಕುಳಿತಾಗ ಬೋರಮ್ಮ ನನ್ನ ತಲೆಯಿಂದ ಜಾರಿದ್ದ ಸೆರಗನ್ನು ಎಳೆದು ಸರಿಮಾಡಿದರು. ಹೊರಗೆ ಮಳೆ ನಿಂತಿತ್ತು.

ಪಾಸ್ಟರ್ ವೇದಿಕೆಯ ಅಂಚಿಗೆ ಬಂದು, ಇಂದು ಬೋಧನೆ ಆಗಿದೆ, ಪ್ರಾರ್ಥಿಸೋಣ ಎಂದರು.

ಎಲ್ಲರೂ ಹೋದ ಮೇಲೆ ದಫ್ತರ ತಂದರು. ಏಳು ಹೆಸರು ಒಂದರ ಕೆಳಗೊಂದು ಬರೆದಿದ್ದರು. ಆರು ಹೆಸರಿನ ಮುಂದೆ ನಿಮಿಷಗಳಿದ್ದವು. ಏಳನೆಯದು ನನ್ನದು, ಮುಂದೆ ಖಾಲಿ. ಇದು ತಿಂಗಳ ಕೊನೆಗೆ ಸೊಲ್ಲಾಪುರಕ್ಕೆ ಹೋಗುತ್ತದೆ.

“ನಿಮ್ಮದು ಎಷ್ಟಂತ ಬರೀಲ್ರಿ?”

ಗೊತ್ತಿಲ್ಲ ಎಂದೆ. ಪಾಸ್ಟರ್ ‘೫’ ಎಂದು ಬರೆದು, ದಫ್ತರವನ್ನು ನನ್ನ ಕಡೆ ತಿರುಗಿಸಿದರು.

“ಎಲ್ಲಾ ಖರೇ ಅದ ಅಂತ ಸಹಿ ಮಾಡ್ರಿ.”

ಬೋರಮ್ಮ ಕೆಳಗೆ ನಿಂತು ವೇದಿಕೆ ಗುಡಿಸುತ್ತಿದ್ದರು, ನಮ್ಮ ಕಡೆ ನೋಡಲಿಲ್ಲ. ಸಹಿ ಮಾಡಿದೆ.

ಮನೆಗೆ ಬಂದು ಅನ್ನಕ್ಕಿಟ್ಟೆ. ಆಗುವ ತನಕ ತಡೆಯಲಾಗಲಿಲ್ಲ, ನಿಂತುಕೊಂಡೇ ನಿನ್ನೆಯ ರೊಟ್ಟಿ, ಮೊಸರು ತಿಂದೆ. ಹಸಿವಾಗಿತ್ತು.